ಸಂಘಮಿತ್ರಾಳ ಎಡಗೈ

ವಡ್ಡು ಊರಿನ ಸಂಘಮಿತ್ರಾಳ ಎಡಗೈ ಹುಟ್ಟಿದಾಗಿನಿಂದ ಸೊಟ್ಟಗಿದ್ದದ್ದಲ್ಲ. ಎರಡನೇ ತರಗತಿಯಲ್ಲಿದ್ದಾಗ, ಅಪ್ಪ ಪರಶುರಾಮ್ ಊಟಕ್ಕೆಂದು ಮನೆ ಮುಂದೆ ತಂದು ನಿಲ್ಲಿಸಿದ್ದ ಅದಿರಿನ ಲಾರಿಯನ್ನು ಹತ್ತಲು ಹೋದಳು. ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲ ಮೇಲೆ ಕಾಲು ಜಾರಿತು. ಮೊಣಕೈ ಹತ್ತಿರ ಮೂಳೆ ಮುರಿಯಿತು.

ಪರಶುರಾಮ್ ಆಸ್ಪತ್ರೆಗೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕೈ ಕತ್ತರಿಸುತ್ತಾರೆ ಎಂದು ಯಾರೋ ಹೆದರಿಸಿದ್ದರು. ಸಂಜೆಯೊಳಗೆ ಲೋಡು ಮುಟ್ಟಿಸುವ ಅವಸರವೂ ಇತ್ತು. ಮಗಳನ್ನು ಲಾರಿಯಲ್ಲೇ ಕೂರಿಸಿಕೊಂಡು ಕಂಪ್ಲಿ ಕಡೆಯ ಒಬ್ಬ ಕಟ್ಟು ಕಟ್ಟುವವನ ಹತ್ತಿರ ಹೋದ. ಅವನು ಮೂಳೆಯನ್ನು ಒತ್ತಿ ನೋಡಿ, ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿಯಲ್ಲಿ ಅದ್ದಿದ ಬಟ್ಟೆ ಸುತ್ತಿ ಕಳಿಸಿದ. ಕಟ್ಟು ಬಿಚ್ಚಿದಾಗ ನೋವು ಹೋಗಿತ್ತು. ಕೈ ಮಾತ್ರ ಪೂರ್ತಿ ಚಾಚುತ್ತಿರಲಿಲ್ಲ. ಕಾಣದ ಮಗುವೊಂದನ್ನು ಸೊಂಟಕ್ಕೆ ಎತ್ತಿಕೊಂಡವಳ ಹಾಗೆ ಮೊಣಕೈಯಲ್ಲಿ ಸ್ವಲ್ಪ ಬಾಗಿಯೇ ನಿಂತುಬಿಟ್ಟಿತು.

ಅದರಿಂದ ಅವಳಿಗೆ ಯಾವ ಕೆಲಸವೂ ನಿಲ್ಲಲಿಲ್ಲ. ನೀರು ಸೇದುತ್ತಿದ್ದಳು, ಜಡೆ ಹೆಣೆದುಕೊಳ್ಳುತ್ತಿದ್ದಳು, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಹುಣ್ಣಿಮೆಯಂದು ಹೂವಿನ ಹಾರ ಹಾಕುತ್ತಿದ್ದಳು. ಶಾಲೆಯಲ್ಲಿ ಮಾತ್ರ ಡ್ರಿಲ್ ಮಾಸ್ತರು ‘ಕೈ ಮುಂದೆ ಚಾಚು’ ಎಂದಾಗ ಅವಳ ಕೈ ಸಾಲಿನಿಂದ ಒಳಗೆ ಉಳಿಯುತ್ತಿತ್ತು. ಆಗಸ್ಟ್ ಹದಿನೈದು ಬಂತೆಂದರೆ ಅವಳನ್ನು ಹಿಂದಿನ ಸಾಲಿಗೆ ನಿಲ್ಲಿಸುತ್ತಿದ್ದರು. ಪರಶುರಾಮ್ ಅದನ್ನು ಒಮ್ಮೆ ನೋಡಿದ. ಆಮೇಲೆ ಶಾಲೆಯ ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲ.

ಊರಿಗೆ ಹತ್ತಿರದಲ್ಲೇ ಉಕ್ಕಿನ ಕಂಪನಿಯ ಟೌನ್‌ಶಿಪ್ಪು. ಕೆಂಪು ಧೂಳಿನ ಸೀಮೆಯಲ್ಲಿ ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿ ಅಲ್ಲೊಂದು ಗಾಲ್ಫ್ ಮೈದಾನ ಎದ್ದಿತು. ಸಂಘಮಿತ್ರಾಳ ತಾಯಿ ದುರ್ಗಕ್ಕ ಅಲ್ಲಿ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಸೇರಿದಳು. ಚೆಂಡು ಬೀಳುವ ಗುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುರ್ಪಿ ಹಿಡಿದು, ಕಣ್ಣಿಗೆ ಬಿದ್ದ ಬೇರೆ ಹುಲ್ಲನ್ನೆಲ್ಲ ಕೀಳುವ ಕೆಲಸ. ‘ಹೊಲದಾಗ ಪೈರಿಗೆ ಕಳಿ ತಗೀತಿದ್ವಿ, ಇಲ್ಲಿ ಹುಲ್ಲಿಗೇ ಕಳಿ ತಗಿಯಾಕ ಹತ್ತೀವಿ’ ಎಂದು ಆ ಹೆಂಗಸರು ನಗುತ್ತಿದ್ದರು.

ಸುತ್ತಲ ಹಳ್ಳಿಯ ಮಕ್ಕಳಿಗೂ ಆಟ ಕಲಿಸುತ್ತೇವೆಂದು ಕಂಪನಿ ಭಾನುವಾರದ ಕ್ಲಾಸು ಶುರುಮಾಡಿತು. ಹೆಚ್ಚಿನ ಮಕ್ಕಳು ಬಾಳೆಹಣ್ಣು, ಬಿಸ್ಕೆಟ್ಟಿನ ಆಸೆಗೆ ಬರುತ್ತಿದ್ದರು. ಸಂಘಮಿತ್ರಾ ಬಂದದ್ದು, ತಾಯಿ ಅಲ್ಲೇ ಕೆಲಸಕ್ಕಿದ್ದಾಳೆಂದು.

ಕಲಿಸುವವನ ಹೆಸರು ತಿಪ್ಪೇಶ್. ಕಂಪ್ಲಿಯ ಅಕ್ಕಿ ಗಿರಣಿ ಮನೆತನದವನು. ಬೆಂಗಳೂರಿಗೆ ಓದಲು ಹೋದವನು ಗಾಲ್ಫಿನ ಹುಚ್ಚು ಹಿಡಿಸಿಕೊಂಡ. ಆಡಿಯೇ ಬದುಕುತ್ತೇನೆಂದು ಹೊರಟು, ವೃತ್ತಿ ಆಟಗಾರರ ಅರ್ಹತಾ ಪಂದ್ಯಗಳಲ್ಲಿ ಪ್ರತಿಸಲವೂ ಹೊಸ್ತಿಲಲ್ಲೇ ಸೋತು ವಾಪಸಾದ. ‘ಗಿರಣಿ ನೋಡಿಕೊ’ ಎಂದ ಅಪ್ಪನ ಮಾತು ಕೇಳದೆ ಟೌನ್‌ಶಿಪ್ಪಿನಲ್ಲಿ ಕೋಚ್ ಆದ. ತಾನು ಆಡಿ ಗೆಲ್ಲಲಾಗಲಿಲ್ಲ, ಯಾರನ್ನಾದರೂ ಆಡಿಸಿ ಗೆಲ್ಲಬೇಕು ಎಂಬ ಹಟ ಅವನಿಗಿತ್ತು.

ಮೊದಲ ದಿನ ಅವನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ಎಡಗೈ ನೆಟ್ಟಗ ಇರಬೇಕು, ಕೋಲು ಇದ್ದಂಗ’ ಎನ್ನುತ್ತ ಒಬ್ಬೊಬ್ಬರ ಕೈ ತಿದ್ದುತ್ತ ಬಂದ. ಸಂಘಮಿತ್ರಾಳ ಮೊಣಕೈ ಒತ್ತಿದಾಗ ಒಳಗೆ ಮೂಳೆಗೆ ಮೂಳೆ ತಾಗಿ ಕೈ ನಿಂತಿತು.

‘ಏನಿದು?’

‘ಮುರಿದಿತ್ರಿ ಸರ. ಇಷ್ಟ ಬರೋದು.’

ತಿಪ್ಪೇಶ್ ತಟ್ಟನೆ ಕೈ ಬಿಟ್ಟ. ‘ಹಂಗಾದ್ರ ನೀನು ಸಣ್ಣ ಹೊಡ್ತ ಕಲಿ ಸಾಕು. ಚೆಂಡು ಉರುಳ್ಸಿ ಗುಳಿಗೆ ಹಾಕು. ದೊಡ್ಡ ಹೊಡ್ತ ನಿನ್ನ ಕೈಲೆ ಆಗಂಗಿಲ್ಲ.’

ಎಷ್ಟೋ ಭಾನುವಾರ ಅವಳು ಒಂದು ಮೂಲೆಯಲ್ಲಿ ಚೆಂಡು ಉರುಳಿಸುತ್ತ ಕೂತಳು. ಒಂದು ದಿನ ತಿಪ್ಪೇಶ್ ಬೇರೆ ಕಡೆ ತಿರುಗಿದ್ದಾಗ, ಬಿದ್ದಿದ್ದ ಒಂದು ಕಬ್ಬಿಣದ ಕ್ಲಬ್ಬು ಎತ್ತಿಕೊಂಡು ಬೀಸಿದಳು. ಚೆಂಡಿಗೆ ಬಿದ್ದ ಏಟಿನ ಸದ್ದಿಗೆ ತಿಪ್ಪೇಶ್ ತಟ್ಟನೆ ತಿರುಗಿದ. ಚೆಂಡು ಕ್ಲಬ್ಬಿನ ನಟ್ಟನಡುವೆ ಸಿಕ್ಕಾಗ ಬರುವ ಸದ್ದು ಬೇರೆ. ಅದಕ್ಕಾಗಿ ವರ್ಷಗಟ್ಟಲೆ ಒದ್ದಾಡಿದವನ ಕಿವಿಗೆ ಅದು ತಪ್ಪುವುದಿಲ್ಲ.

‘ಇನ್ನೊಮ್ಮೆ ಹೊಡಿ,’ ಎಂದ.

ಹೊಡೆದಳು. ಅದೇ ಸದ್ದು.

ಅವತ್ತಿನಿಂದ ತಿಪ್ಪೇಶ್‌ಗೆ ಬೇರೆ ಧ್ಯಾಸವೇ ಉಳಿಯಲಿಲ್ಲ. ಅವಳ ಬೀಸನ್ನು ಮೊಬೈಲಿನಲ್ಲಿ ಹಿಡಿದು, ನಿಧಾನ ಮಾಡಿ, ಹಿಂದೆ ಮುಂದೆ ಓಡಿಸಿ ನೋಡಿದ. ಎಡಗೈ ನೆಟ್ಟಗಿರಬೇಕು ಎಂದು ಅವನು ಪುಸ್ತಕದಲ್ಲಿ ಓದಿದ್ದ, ತನ್ನ ಗುರುಗಳಿಂದ ಕೇಳಿದ್ದ, ತನ್ನ ಕೈಯನ್ನೂ ಹಾಗೆಯೇ ಬಿಗಿದಿದ್ದ. ಈ ಹುಡುಗಿಯ ಕೈ ಬಾಗಿದೆ, ಚೆಂಡು ಗೆರೆ ಎಳೆದ ಹಾಗೆ ಹೋಗುತ್ತದೆ. ಯಾಕೆ ಎಂಬುದು ಅವನಿಗೆ ಬಹಳ ದಿನ ಹೊಳೆಯಲಿಲ್ಲ.

ಹೊಳೆದ ದಿನ ಅವಳನ್ನು ಕರೆದು ಹುಲ್ಲಿನ ಮೇಲೆ ಎದುರಿಗೆ ಕೂರಿಸಿಕೊಂಡ.

‘ಜ್ವಾಳದ ಹೊಲದಾಗ ಕವಣಿ ಬೀಸೀಯೇನು?’

‘ಹೂನ್ರಿ ಸರ. ಗುಬ್ಬಿ ಓಡ್ಸಾಕ.’

‘ಕಲ್ಲು ದೂರ ಹೋಗೋದು ಕೈ ಜೋರಿಗೇನು?’

ಅವಳು ಯೋಚಿಸಿದಳು. ಎದ್ದು ನಿಂತು, ಇಲ್ಲದ ಕವಣೆಯನ್ನು ಬೀಸಿ ನೋಡಿದಳು. ‘ಅಲ್ರಿ. ನಡ ಮೊದ್ಲು ತಿರುಗ್ತೈತಿ. ಕೈ ಅದರ ಹಿಂದಿಂದ ಬರ್ತೈತಿ.’

‘ಅದ! ಅಷ್ಟ ನೋಡು ಈ ಆಟ.’ ತಿಪ್ಪೇಶ್ ಉತ್ಸಾಹದಿಂದ ಎದ್ದ. ‘ಎಲ್ಲಾರೂ ಕೈ ಎತ್ತಿ ಕೈಲೇ ಹೊಡೀತಾರ. ಅದಕ್ಕ ಚೆಂಡು ಬಲಕ್ಕ ಓಡ್ತೈತಿ. ಕೈಗೆ ಸ್ವಂತ ಕೆಲಸ ಭಾಳ ಕಡಿಮಿ. ಎದಿ ತಿರುಗಿದ್ರ ತೋಳು ಎದಿ ಮುಂದ ಕುಂತು ತಾನೂ ಹೋಗ್ತೈತಿ. ಬಲಗಡೆ ಮೊಣಕೈ ಮಡಚ್ತೈತಿ, ಎಡತೋಳು ಎದಿಗೆ ಅಡ್ಡ ಬರ್ತೈತಿ. ಕ್ಲಬ್ಬು ಇಳಿಯೋವಾಗ ನಡ ಮೊದಲು, ತೋಳು ಆಮ್ಯಾಲ. ನಿನ್ನ ಎಡಗೈ ಬಗ್ಗೇತಿ, ಖರೆ. ಆದ್ರ ಮೊದಲಿಂದ ಕಡೀತನಕ ಅಷ್ಟ ಬಗ್ಗಿರ್ತೈತಿ. ಬದಲಾಗಂಗಿಲ್ಲ. ನನ್ನ ಕೈ ನೆಟ್ಟಗಿತ್ತು, ಹೊಡಿಯೋ ಹೊತ್ತಿಗೆ ಎಲ್ಲೋ ಕುಸೀತಿತ್ತು. ಕೈ ಎಷ್ಟು ಚಾಚೇತಿ ಅನ್ನೋದಲ್ಲ. ಎದಿಗೂ ಕೈಗೂ ಇರೋ ಅಂತರ ಉಳೀತೋ ಇಲ್ಲೋ ಅನ್ನೋದು.’

ಒಂದು ಉದ್ದನೆಯ ಟವೆಲನ್ನು ಎದೆಗೆ ಅಡ್ಡ ಹಾಕಿ, ಎರಡೂ ತುದಿ ಅವಳ ಕಂಕುಳಲ್ಲಿ ಸಿಗಿಸಿದ. ‘ಇದು ಬೀಳದಂಗ ಹೊಡಿ.’ ಉಳಿದ ಮಕ್ಕಳ ಟವೆಲು ಹಿಂದೆ ಎತ್ತುವಾಗಲೇ ಜಾರಿ ಬೀಳುತ್ತಿತ್ತು. ಅವಳದು ಬೀಳಲಿಲ್ಲ. ತಿಪ್ಪೇಶ್ ಅವಳ ಕೈಯನ್ನು ನೋಡಿದ ರೀತಿಯಲ್ಲಿ ಈವರೆಗೆ ಯಾರೂ ಆ ಕೈಯನ್ನು ನೋಡಿರಲಿಲ್ಲ. ಅವ್ವ ನೋಡಿದರೆ ಮರುಕ, ಅಪ್ಪ ನೋಡಿದರೆ ಅಪರಾಧ, ಮಾಸ್ತರು ನೋಡಿದರೆ ಅಡ್ಡಿ. ಇವನೊಬ್ಬನಿಗೆ ಅದು ಸರಿಯಾದ ಕೈ. ಆ ವಯಸ್ಸಿನಲ್ಲಿ ಅವಳು ಅವನನ್ನು ಎಷ್ಟು ನಂಬಿದಳು ಎಂದರೆ, ಅವನು ಹೇಳದ ಹೊರತು ಚಪ್ಪಲಿಯನ್ನೂ ಬದಲಿಸುತ್ತಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿದ್ದಾಗ ಬೆಂಗಳೂರಿನಲ್ಲಿ ನಡೆದ ಹುಡುಗಿಯರ ಪಂದ್ಯಾವಳಿಯಲ್ಲಿ ಅವಳು ಗೆದ್ದಳು. ಕಾರಿನಲ್ಲಿ ಬಂದಿಳಿದ, ಮೂರು ಬಗೆಯ ಕೈಗವಸು ಇಟ್ಟುಕೊಂಡಿದ್ದ ಹುಡುಗಿಯರು ಅವಳ ಮೊಣಕೈ ನೋಡಿ ಮೊದಲು ಪಿಸುಗುಟ್ಟಿದರು, ಆಮೇಲೆ ಸುಮ್ಮನಾದರು. ಬಹುಮಾನ ಕೊಡುವ ಹೊತ್ತಿಗೆ ತಿಪ್ಪೇಶ್ ಮರದ ಹಿಂದೆ ಹೋಗಿ ಕಣ್ಣು ಒರೆಸಿಕೊಂಡು ಬಂದ.

ಕಂಪನಿ ವಡ್ಡು ಕ್ರಾಸಿನಲ್ಲಿ ದೊಡ್ಡ ಬೋರ್ಡು ಹಾಕಿಸಿತು. ‘ನಮ್ಮ ನೆಲದ ಹೆಮ್ಮೆ’ ಎಂದು ಮೇಲೆ, ಕ್ಲಬ್ಬು ಎತ್ತಿ ನಿಂತ ಸಂಘಮಿತ್ರಾ ಕೆಳಗೆ. ಪರಶುರಾಮ್ ಲಾರಿಯನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಳಿದು ನಿಂತು ನೋಡಿದ. ಬಹಳ ಹೊತ್ತು ನೋಡಿ ಮನೆಗೆ ಬಂದು ಹೆಂಡತಿಗೆ ಹೇಳಿದ:

‘ಮುಖ ನಮ್ಮ ಹುಡುಗೀದ. ಕೈ ನಮ್ಮ ಹುಡುಗೀದಲ್ಲ.’

ಚಿತ್ರದಲ್ಲಿ ಅವಳ ಎಡಗೈಯನ್ನು ಕಂಪ್ಯೂಟರಿನಲ್ಲಿ ತಿದ್ದಿ ನೆಟ್ಟಗೆ ಮಾಡಿದ್ದರು. ಸಂಘಮಿತ್ರಾ ತಿಪ್ಪೇಶ್‌ನನ್ನು ಕೇಳಿದಳು. ಅವನು ನಕ್ಕುಬಿಟ್ಟ. ‘ಚಂದ ಕಾಣ್ಲಿ ಅಂತ ಮಾಡ್ಯಾರ, ಬಿಡು. ನಿನ್ನ ಆಟ ನಿನಗ ಗೊತ್ತೈತಿ, ನನಗ ಗೊತ್ತೈತಿ.’

ಗೆಲುವು ಬಂದ ಮೇಲೆ ಕಂಪನಿಗೆ ಆಸೆ ದೊಡ್ಡದಾಯಿತು. ಹೊರಗಿನಿಂದ ಮುಖ್ಯ ಕೋಚ್ ಒಬ್ಬನನ್ನು ಕರೆಸಿದರು. ಅವನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವನು ದಿಲ್ಲಿ ಸಾಹೇಬ. ಅವನ ಜೊತೆ ಕ್ಯಾಮೆರಾಗಳು ಬಂದವು, ಒಂದು ದೊಡ್ಡ ಪರದೆ ಬಂತು. ತಿಪ್ಪೇಶ್ ಸಹಾಯಕ ಕೋಚ್ ಆದ.

ದಿಲ್ಲಿ ಸಾಹೇಬ ಸಂಘಮಿತ್ರಾಳ ಬೀಸನ್ನು ಪರದೆಯ ಮೇಲೆ ನಿಲ್ಲಿಸಿ, ಭುಜದಿಂದ ಮಣಿಕಟ್ಟಿನವರೆಗೆ ಕೆಂಪು ಗೆರೆ ಎಳೆದ. ಮೊಣಕೈ ಗೆರೆಯಿಂದ ಹೊರಗೆ ಉಳಿಯಿತು.

‘ಇದನ್ನು ಹೀಗೇ ಬಿಟ್ಟವರು ಯಾರು?’ ಎಂದು ಹಿಂದಿಯಲ್ಲಿ ಕೇಳಿದ.

ತಿಪ್ಪೇಶ್ ಒಂದು ಹೆಜ್ಜೆ ಮುಂದೆ ಬಂದ. ‘ಸರ್, ಅವಳದು ಹಳೆಯ ಮುರಿತ. ಅದು ಅವಳ ಆಟಕ್ಕೆ ಅಡ್ಡಿಯಾಗಿಲ್ಲ...’

‘ಈಗ ಮಕ್ಕಳ ಆಟದಲ್ಲಿ ಗೆಲ್ಲುತ್ತಾಳೆ. ದೊಡ್ಡವರ ಆಟಕ್ಕೆ ಹೋದಾಗ ಈ ಕೈಯಿಂದ ಚೆಂಡು ಅಷ್ಟು ದೂರ ಹೋಗುವುದಿಲ್ಲ. ಈಗಲೇ ಸರಿಮಾಡಬೇಕು.’ ದಿಲ್ಲಿ ಸಾಹೇಬ ಸಿಟ್ಟಿನಿಂದೇನೂ ಹೇಳಲಿಲ್ಲ. ಹೇಳಿ, ತಿರುಗಿ, ಬಹಳ ಸಹಜವಾಗಿ ಕೇಳಿದ: ‘ನೀವು ಯಾವ ಯಾವ ಟೂರ್ನಿ ಆಡಿದ್ದೀರಿ?’

ತಿಪ್ಪೇಶ್ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಸರಿದು ನಿಂತ. ಸಂಘಮಿತ್ರಾ ಅವನ ಮುಖವನ್ನೇ ನೋಡುತ್ತಿದ್ದಳು. ಕವಣೆಯ ಮಾತು ಈಗ ಹೇಳುತ್ತಾನೆ, ಟವೆಲಿನ ಮಾತು ಈಗ ಹೇಳುತ್ತಾನೆ ಎಂದು ಕಾಯ್ದಳು. ಅವನು ನೆಲ ನೋಡುತ್ತಿದ್ದ.

ಮರುದಿನದಿಂದ ಅವಳ ಕೈಯನ್ನು ನೆಟ್ಟಗೆ ಮಾಡುವ ಕೆಲಸ ಶುರುವಾಯಿತು. ಜಿಮ್ಮಿನಲ್ಲಿ ಬೆಂಚಿನ ಮೇಲೆ ಮಲಗಿಸಿ, ಒಬ್ಬ ತೋಳು ಅದುಮಿ ಹಿಡಿಯುವುದು, ಇನ್ನೊಬ್ಬ ಮಣಿಕಟ್ಟು ಹಿಡಿದು ಕೆಳಕ್ಕೆ ಒತ್ತುವುದು. ಆಮೇಲೆ ಭಾರದ ಚೀಲವನ್ನು ಕೈಗೆ ನೇತುಹಾಕಿ ಕೂರಿಸುವುದು. ಎಣ್ಣೆ ಹಚ್ಚಿ ತಿಕ್ಕುವುದು. ಮೊದಲ ವಾರ ಕೈ ಒಂಚೂರು ಹೆಚ್ಚು ಚಾಚಿದ ಹಾಗೆ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೊಣಕೈ ಊದಿತು. ಮುಟ್ಟಿದರೆ ಜ್ವರ ಬಂದವರ ಮೈ ಸುಡುವಂತೆ ಸುಡುತ್ತಿತ್ತು.

ದುರ್ಗಕ್ಕ ಹುಣಸೆ ಸೊಪ್ಪು ಬಿಸಿಮಾಡಿ ಕಟ್ಟಿದಳು. ‘ನಾಳಿಂದ ಹೋಗಬ್ಯಾಡ. ಯಾರ ಮುಂದ ಯಾಕ ನೆಟ್ಟಗ ಆಗಬೇಕು ಆ ಕೈ? ಗೆದ್ದಾಗ ಸೊಟ್ಟನ ಇತ್ತಲ್ಲ?’

ಪರಶುರಾಮ್ ತಲೆ ತಗ್ಗಿಸಿ ಕೂತಿದ್ದ. ‘ಒಮ್ಮಿ ನನ್ನ ಬುದ್ಧಿ ಓಡ್ಸಿ ಈ ಕೈ ಕೆಡ್ಸೀನಿ. ಈ ಸಲನಾರ ಕಲ್ತವರ ಮಾತು ಕೇಳೂಣು ದುರ್ಗಿ.’

ಇಬ್ಬರ ನಡುವೆ ಸಂಘಮಿತ್ರಾ ಒಂದು ತೀರ್ಮಾನಕ್ಕೆ ಬಂದಳು. ತಿಪ್ಪೇಶ್ ಸರ್‌ನ ಕೇಳಬೇಕು. ಅವನು ಬಿಡು ಅಂದರೆ ಬಿಡುವುದು.

ಚೆಂಡಿನ ಬುಟ್ಟಿ ಇಡುವ ಶೆಡ್ಡಿನ ಹಿಂದೆ ಅವನನ್ನು ಹಿಡಿದಳು. ಊದಿದ ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡಿದ್ದಳು.

‘ಸರ, ಕೈ ಚಾಚೋದು ದೊಡ್ಡದಲ್ಲ ಅಂತ ನೀವ ಹೇಳಿದ್ರಿ.’

‘ಹೇಳಿದ್ದೆ.’

‘ಈಗ ನೋಡ್ರಿ ಹೆಂಗಾಗೇತಿ. ಭಾಳ ನೋಯ್ತೈತಿ ಸರ. ಬಿಡ್ಲೇನು? ನೀವು ಬಿಡು ಅಂದ್ರ ನಾಳಿಂದ ಬಿಡ್ತೀನಿ.’

ತಿಪ್ಪೇಶ್ ಅವಳ ಕೈಯನ್ನು ನೋಡಲಿಲ್ಲ. ಶೆಡ್ಡಿನ ಆಚೆ, ದಿಲ್ಲಿ ಸಾಹೇಬನ ಕೋಣೆಯ ಕಡೆ ನೋಡಿದ. ‘ಅವರು ದೊಡ್ಡ ದೊಡ್ಡವರಿಗೆ ಕಲ್ಸಿದಾರ ಸಂಘಮಿತ್ರಾ. ಹೊಸಾದು ಕಲಿಯೋವಾಗ ನೋವು ಇರೋದ. ಸ್ವಲ್ಪ ತಡಕೋ.’

ಅವಳು ತಡೆದುಕೊಂಡಳು. ಮಳೆಗಾಲ ಮುಗಿಯುವವರೆಗೂ ತಡೆದುಕೊಂಡಳು. ಪರಶುರಾಮ್ ಅವಳನ್ನು ಜಿಮ್ಮಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಿದ್ದ. ಒಂದು ಬೆಳಿಗ್ಗೆ ಎದ್ದಾಗ ಕೈ ಚಾಚುವುದು ಒತ್ತಟ್ಟಿಗಿರಲಿ, ಮಡಚಲೂ ಬರಲಿಲ್ಲ. ಮುಖ ತೊಳೆಯಲು ಎರಡೂ ಕೈಯಲ್ಲಿ ನೀರು ಎತ್ತಿದಳು. ಎಡಗೈ ಬಾಯಿಗೆ ಬಾರದೆ ಅರ್ಧ ದಾರಿಯಲ್ಲಿ ನಿಂತಿತು.

ಹೊಸಪೇಟೆಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕೈ ಮುಂದಿನ ಸ್ನಾಯುವಿನೊಳಗೆ ಮೋಡದ ಚೂರಿನಂತೆ ಬಿಳಿಯದೊಂದು ಹರಡಿತ್ತು.

‘ಇದನ್ನ ಎಳೆದವರು ಯಾರು?’ ಎಂದು ಕೇಳಿದರು. ‘ಮೊದಲೇ ಮುರಿದು ಕೂಡಿದ ಮೊಣಕೈ. ಬಲವಂತವಾಗಿ ಎಳೆದು, ತಿಕ್ಕಿ, ಒಳಗೆ ಗಾಯ ಮಾಡಿದ್ದಾರೆ. ಗಾಯವಾದ ಸ್ನಾಯುವಿನಲ್ಲಿ ಮೂಳೆ ಬೆಳೆದಿದೆ. ಮೊದಲು ಎಷ್ಟು ಆಡುತ್ತಿತ್ತೋ ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.’

ಪರಶುರಾಮ್ ಕುರ್ಚಿಯಿಂದ ಎದ್ದು ಹೊರಗೆ ಹೋದ. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಹಂಪಿಗೆ ಹೋಗುವ ಬಸ್ಸು, ಆಟೋಗಳು ಒಂದೇ ಸಮ ಹಾರನ್ ಹೊಡೆಯುತ್ತಿದ್ದವು. ದುರ್ಗಕ್ಕ ಹೊರಗೆ ಬಂದು ನೋಡಿದರೆ, ಅವನು ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಎರಡು ಸಲವೂ ಮಗಳನ್ನು ಕರೆದುಕೊಂಡು ಹೋಗಿ ಒಪ್ಪಿಸಿದವನು ತಾನೇ ಎಂಬುದು ಅವನಿಗೆ ಆಮೇಲೆ ಎಂದೂ ಬಿಡಲಿಲ್ಲ. ಮಗಳ ಎದುರಿಗೆ ಕೂತು ಊಟ ಮಾಡುವುದನ್ನು ಅವತ್ತಿನಿಂದ ನಿಲ್ಲಿಸಿದ.

ಬೆಳೆದ ಮೂಳೆ ಗಟ್ಟಿಯಾಗುವವರೆಗೆ ಕಾದು, ಆಮೇಲೆ ಆಪರೇಷನ್ ಮಾಡಿ ತೆಗೆದರು. ಕೈ ಬಾಯಿಗೆ ಬಂತು. ತಲೆಗೆ ಬರಲಿಲ್ಲ. ಜಡೆಯನ್ನು ತಾಯಿಯೇ ಹಾಕಬೇಕಾಯಿತು, ಕೊನೆಗೆ ಸಂಘಮಿತ್ರಾ ಕೂದಲನ್ನೇ ಕತ್ತರಿಸಿಕೊಂಡಳು. ಎರಡೂ ಕೈ ಕೂಡಿಸಿ ಕ್ಲಬ್ಬು ಹಿಡಿಯಲು ಹೋದರೆ ಎಡಗೈ ಅಲ್ಲಿಯವರೆಗೆ ಚಾಚುತ್ತಲೇ ಇರಲಿಲ್ಲ.

ಕಂಪನಿಯವರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಹಳೆಯ ಮುರಿತದ ತೊಂದರೆ, ಏನು ಮಾಡಲಾಗುತ್ತದೆ ಎಂದರು. ದಿಲ್ಲಿ ಸಾಹೇಬ ಅವಳ ತಲೆ ಸವರಿ ಬಹಳ ದುಃಖವಾಯಿತು ಎಂದ. ಅವನ ಕಣ್ಣಲ್ಲಿ ನೀರೂ ಇತ್ತು. ಸ್ವಲ್ಪ ದಿನಕ್ಕೆ ಬೇರೆ ಯಾವುದೋ ಊರಿನ ಇನ್ನೂ ದೊಡ್ಡ ಮೈದಾನಕ್ಕೆ ಹೊರಟುಹೋದ. ಕ್ರಾಸಿನ ಬೋರ್ಡಿನ ಮೇಲೆ ಸಸಿ ನೆಡುವ ಮಕ್ಕಳ ಚಿತ್ರ ಬಂತು. ತಿಪ್ಪೇಶ್ ಮತ್ತೆ ಮುಖ್ಯ ಕೋಚ್ ಆದ. ಅವನು ಮಾತ್ರ ಮನೆಗೆ ಬರಲಿಲ್ಲ.

ಸಂಘಮಿತ್ರಾ ಸಂಡೂರಿನಲ್ಲಿ ಕಾಲೇಜು ಮುಗಿಸಿದಳು. ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಕೊಡುವ ಕೌಂಟರಿನಲ್ಲಿ ಕೂತಳು. ಸಹೋದ್ಯೋಗಿಗಳಿಗೆ ಅವಳು ಗಾಲ್ಫ್ ಆಡುತ್ತಿದ್ದಳೆಂದು ಗೊತ್ತಿರಲಿಲ್ಲ. ಕೈಗೆ ಏನಾಯಿತು ಎಂದು ಕೇಳಿದರೆ ‘ಸಣ್ಣಾಕಿದ್ದಾಗ ಲಾರಿಯಿಂದ ಬಿದ್ದಿದ್ದೆ’ ಎನ್ನುತ್ತಿದ್ದಳು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹೀಗಿರುವಾಗ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೊಬೈಲು ನೋಡುತ್ತಿದ್ದವಳ ಕಣ್ಣಿಗೆ ತಿಪ್ಪೇಶ್‌ನ ಮುಖ ಬಿತ್ತು. ಕನ್ನಡದಲ್ಲಿ ಗಾಲ್ಫ್ ಕಲಿಸುವ ವಿಡಿಯೋ. ಬಹಳ ಜನ ನೋಡಿದ್ದರು, ಹೊಗಳಿದ್ದರು. ಅವತ್ತಿನ ಪಾಠ ಬೀಸಿನಲ್ಲಿ ತೋಳು ಹೇಗೆ ಚಲಿಸುತ್ತದೆ ಎಂಬುದು.

‘ಎಡಗೈ ಕೋಲಿನ ಹಾಗೆ ನೆಟ್ಟಗಿರಲೇಬೇಕು ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ,’ ಎನ್ನುತ್ತಿದ್ದ ತಿಪ್ಪೇಶ್. ‘ಈ ಆಟಗಾರ್ತಿಯ ಕೈ ನೋಡಿ.’

ಪರದೆಯ ಮೇಲೆ ಕೆಂಪು ಟೀ ಶರ್ಟಿನ ಒಬ್ಬ ಹುಡುಗಿ ಬಂದಳು. ಕುತ್ತಿಗೆಯಿಂದ ಮೇಲಿನ ಚಿತ್ರವನ್ನು ಕತ್ತರಿಸಿದ್ದರು. ಎದೆ ತಿರುಗಿತು, ತೋಳು ಎದೆಯ ಮುಂದೆ ಕೂತು ತಾನೂ ಹೋಯಿತು, ನಡು ತಿರುಗಿತು, ತೋಳು ಇಳಿಯಿತು. ಮೊಣಕೈ ಮೊದಲಿಂದ ಕೊನೆಯವರೆಗೆ ಅಷ್ಟೇ ಬಾಗಿತ್ತು. ‘ಬದಲಾಗುವುದೇ ಇಲ್ಲ, ಗಮನಿಸಿ,’ ಎಂದಿತು ತಿಪ್ಪೇಶ್‌ನ ದನಿ. ‘ಇಂಥ ಕೈಯನ್ನು ಯಾವ ಕೋಚೂ ತಿದ್ದಲು ಹೋಗಬಾರದು. ತಿದ್ದಿದರೆ ಆಟವೂ ಹೋಗುತ್ತದೆ, ಕೈಯೂ ಹೋಗುತ್ತದೆ.’

ಡಬ್ಬಿಯಲ್ಲಿದ್ದ ಅನ್ನ ಡಬ್ಬಿಯಲ್ಲೇ ಉಳಿಯಿತು. ತನ್ನನ್ನು ಕೇಳದೆ ತನ್ನ ಕೈಯನ್ನು ತೋರಿಸಿದ್ದಾನೆ ಎಂಬುದಕ್ಕಲ್ಲ. ಅವನಿಗೆ ಪೂರ್ತಿ ಗೊತ್ತಿರಲಿಲ್ಲ, ಗೊಂದಲವಿತ್ತು, ದೊಡ್ಡವರ ಮಾತಿಗೆ ಮರುಳಾದ ಎಂದು ಅವಳು ಇಷ್ಟು ವರ್ಷ ಅವನ ಪರವಾಗಿ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಅದೊಂದು ಆಸರೆಯೂ ಈಗ ಕುಸಿಯಿತು.

ಭಾನುವಾರ ಟೌನ್‌ಶಿಪ್ಪಿನ ಮೈದಾನಕ್ಕೆ ಹೋದಳು. ತಾಯಿಗೆ ಹೇಳಿಯೇ ಹೋದಳು. ತಿಪ್ಪೇಶ್ ಆಫೀಸರುಗಳ ಹೆಂಡಂದಿರಿಗೆ ಕಂಕುಳಲ್ಲಿ ಟವೆಲು ಸಿಗಿಸಿಕೊಳ್ಳಲು ಹೇಳುತ್ತಿದ್ದ. ಅವಳನ್ನು ಕಂಡು ಮಾತು ನಿಲ್ಲಿಸಿದ. ಕೂದಲು ಹಣ್ಣಾಗಿತ್ತು. ಅವರಿಗೆ ಅಭ್ಯಾಸ ಮಾಡಲು ಹೇಳಿ, ಬೇವಿನ ಮರದ ಕೆಳಗೆ ಬಂದ.

‘ಆರಾಮ ಏನವ್ವ? ಕುಂದ್ರು.’

‘ಕುಂದ್ರಾಕ ಬಂದಿಲ್ರಿ. ವಿಡಿಯೋ ನೋಡಿದೆ.’

ತಿಪ್ಪೇಶ್ ಮುಖ ಒರೆಸಿಕೊಂಡ. ‘ನಿನ್ನ ಕೇಳಬೇಕಿತ್ತು. ಹೆಂಗ ಕೇಳೋದು ಅಂತ... ನಿನ್ನ ಹೆಸರು ಹಾಕ್ತೀನಿ. ಇವತ್ತ ಹಾಕ್ತೀನಿ. ನಿನ್ನ ಆಟ ಅದು, ಜನಕ್ಕ ಗೊತ್ತಾಗಬೇಕು.’

‘ಹೆಸರು ಬ್ಯಾಡ್ರಿ.’

‘ಮತ್ತ?’

‘ಆ ಹುಡುಗಿಗೆ ಆಮ್ಯಾಲ ಏನಾತು ಅನ್ನೋದನ್ನ ಹೇಳ್ರಿ. ಶೆಡ್ಡಿನ ಹಿಂದ ಬಂದು ಬಿಡ್ಲೇನು ಅಂತ ಕೇಳಿದ್ಲು, ನನಗ ಎಲ್ಲಾ ಗೊತ್ತಿದ್ದೂ ತಡಕೋ ಅಂದೆ ಅಂತ ಹೇಳ್ರಿ. ನಿಮ್ಮ ಬಾಯಿಲೆ, ಅದ ವಿಡಿಯೋದಾಗ.’

ತಿಪ್ಪೇಶ್ ಅಭ್ಯಾಸ ಮಾಡುತ್ತಿದ್ದ ಹೆಂಗಸರ ಕಡೆ ತಿರುಗಿ ನೋಡಿದ. ಹುಲ್ಲಿನ ಮೇಲೆ ಯಾರದೋ ಟವೆಲು ಬಿತ್ತು, ಹೆಂಗಸರು ನಕ್ಕರು.

‘ಗೊತ್ತಿತ್ತು,’ ಎಂದ ಕೊನೆಗೆ, ಬರೀ ಅವಳಿಗೆ ಕೇಳುವಷ್ಟು. ‘ಅವತ್ತು ನೀ ಕೇಳಿದಾಗ ಕೈ ನೋಡ್ಲಿಲ್ಲ ನಾನು. ನೋಡಿದ್ರ ಬಿಡು ಅನಬೇಕಾಗ್ತಿತ್ತು. ಅಂದಿದ್ರ ನನ್ನ ಕೆಲಸ ಹೋಗ್ತಿತ್ತು. ಗಿರಣಿಗೆ ವಾಪಸ್ ಹೋಗಿ ಅಪ್ಪನ ಮುಂದ ನಿಲ್ಲಬೇಕಾಗ್ತಿತ್ತು.’

‘ನಮ್ಮಪ್ಪ ನನ್ನ ಮುಂದ ಕುಂತು ಉಣ್ಣಂಗಿಲ್ರಿ ಈಗ,’ ಎಂದಳು ಸಂಘಮಿತ್ರಾ. ‘ತಾನ ಕೆಡಿಸಿದೆ ಅನ್ಕೊಂಡಾನ. ನನಗ ಹೇಳಿದ್ದು ಸಾಲಂಗಿಲ್ಲ. ಎಲ್ಲಾರ ಮುಂದ ಹೇಳ್ರಿ. ನಮ್ಮಪ್ಪನೂ ಕೇಳ್ಲಿ.’

‘ನೋಡೋಣವ್ವ.’

‘ನೋಡೋದಲ್ರಿ ಸರ.’

‘ಮಾಡ್ತೀನಿ. ಸ್ವಲ್ಪ ಟೈಮ್ ಕೊಡು.’

ಆ ‘ಸ್ವಲ್ಪ’ ಎಂಬ ಮಾತನ್ನು ಕೇಳಿ ಅವಳಿಗೆ ನಗು ಬಂತು. ನಗು ತಡೆದುಕೊಂಡು, ಬಂದ ದಾರಿಯಲ್ಲೇ ಹೊರಟಳು. ಹೆಂಗಸರಲ್ಲೊಬ್ಬಳು ಅವಳ ಕೈ ನೋಡಿ ‘ಪಾಪ’ ಎಂದದ್ದು ಕೇಳಿಸಿತು.

ತಿಪ್ಪೇಶ್ ಆ ವಾರವೇ ಒಂದು ಕೆಲಸ ಮಾಡಿದ. ವಿಡಿಯೋವನ್ನು ತೆಗೆದುಹಾಕಿದ. ಬದಲಿಗೆ ತಾನೇ ಮೊಣಕೈ ಬಾಗಿಸಿಕೊಂಡು ಬೀಸಿ ತೋರಿಸಿದ ಹೊಸದೊಂದನ್ನು ಹಾಕಿದ. ಅದರಲ್ಲಿ ಯಾವ ಹುಡುಗಿಯೂ ಇರಲಿಲ್ಲ, ಯಾವ ಕೋಚ್ ಯಾವ ಕೈಯನ್ನು ತಿದ್ದಬಾರದು ಎಂಬ ಮಾತೂ ಇರಲಿಲ್ಲ. ನೋಡಿದವರು ಇದನ್ನೂ ಹೊಗಳಿದರು.

ಸಂಘಮಿತ್ರಾ ಅದನ್ನು ತಾಯಿಗೆ ತೋರಿಸಿದಳು. ದುರ್ಗಕ್ಕ ಓದು ಬಾರದವಳು, ಆಟದ ಗಂಧ ತಿಳಿಯದವಳು. ಆದರೂ ಪೂರ್ತಿ ನೋಡಿದಳು.

‘ಹೇಳ್ಯಾನೇನು?’

‘ಇಲ್ಲವ್ವ.’

‘ಹೇಳಂಗಿಲ್ಲ ಬಿಡು,’ ಎಂದಳು ದುರ್ಗಕ್ಕ, ರೊಟ್ಟಿ ಬಡಿಯುತ್ತ. ಪಡಸಾಲೆಯಲ್ಲಿ ಪರಶುರಾಮ್ ಒಬ್ಬನೇ ಗೋಡೆ ಕಡೆ ಮುಖಮಾಡಿ ಉಣ್ಣುತ್ತಿದ್ದ. ತಿಪ್ಪೇಶ್ ಮರದ ಕೆಳಗೆ ಒಪ್ಪಿಕೊಂಡದ್ದನ್ನು ಮಗಳು ಅವನಿಗೆ ಹೇಳಿದ್ದಳು. ಅವನು ಕೇಳಿಸಿಕೊಂಡು, ‘ಕರ್ಕೊಂಡು ಹೋದವ ನಾನ ಅಲ್ಲೇನು?’ ಎಂದಷ್ಟೇ ಅಂದಿದ್ದ.

ದುರ್ಗಕ್ಕ ಈಗಲೂ ಆ ಮೈದಾನದ ಕೆಲಸಕ್ಕೇ ಹೋಗುತ್ತಾಳೆ. ಬೇರೆ ಕೆಲಸ ಸಿಕ್ಕಿಲ್ಲ. ಬಿಸಿಲೇರುವ ಮೊದಲು ಹೆಂಗಸರ ಜೊತೆ ಸಾಲಾಗಿ ಕೂತು ಕಳೆ ಕೀಳುತ್ತಿರುವಾಗ ತಿಪ್ಪೇಶ್ ಆ ಕಡೆಯಿಂದ ಹಾದು ಹೋಗುತ್ತಾನೆ. ‘ಆರಾಮ ಏನು ದುರ್ಗಕ್ಕ?’ ಎನ್ನುತ್ತಾನೆ, ಒಂದು ದಿನವೂ ಬಿಡದೆ. ಅವಳು ತಲೆ ಎತ್ತುವುದಿಲ್ಲ. ಅವನು ಒಂದು ಗಳಿಗೆ ನಿಂತು, ಅವಳ ಕೈಯ ಕುರ್ಪಿ ನೋಡಿ, ಮುಂದಕ್ಕೆ ಹೋಗುತ್ತಾನೆ.